ಕರೆಂಟಿನ ಪಾಟು ಮತ್ತು ನನ್ನ ಷಡ್ಡಕ

ಹೊಟ್ಟೆಕಿಚ್ಚು ನನಗೆ ಹುಟ್ಟಿನಿಂದ ಬಂದದ್ದಲ್ಲ. ನನ್ನ ಮದುವೆಯಾಗಿ ಆರು ವರ್ಷಕ್ಕೆ ನನ್ನ ಹೆಂಡತಿಯ ತಂಗಿಗೂ ಮದುವೆಯಾಯಿತಲ್ಲ, ಅವತ್ತು ಬಂತು. ಅಲ್ಲಿಯವರೆಗೆ ಯಳಂದೂರಿನ ಮಾವನ ಮನೆಗೆ ನಾನೊಬ್ಬನೇ ಅಳಿಯ. ಪಡಸಾಲೆಯಲ್ಲಿದ್ದ ಒಂದೇ ಒಂದು ಕುರ್ಚಿ ನನ್ನದು. ಹಬ್ಬದ ದಿನ ಹೋಳಿಗೆಯ ಮೇಲೆ ಬೀಳುವ ಮೊದಲ ಮಿಳ್ಳೆ ತುಪ್ಪ ನನ್ನದು. ಆಮೇಲೆ ಧನಗೆರೆಯಿಂದ ಇವನು ಬಂದ, ನನ್ನ ಷಡ್ಡಕ. ಮೈಸೂರಿನಲ್ಲಿ ಐಟಿಐ ಓದಿ ಎಲೆಕ್ಟ್ರಿಕ್ ಕೆಲಸದ ಸರ್ಟಿಫಿಕೇಟು ತಂದಿದ್ದವನು. ಜೇಬಿನಲ್ಲಿ ಸದಾ ಒಂದು ಟೆಸ್ಟರು, ಕಾಲಿಗೆ ಕ್ಯಾನ್‌ವಾಸ್ ಬೂಟು. ಮೊದಲ ಹಬ್ಬಕ್ಕೇ ಮಾವ ಕುರ್ಚಿಯನ್ನು ಅವನ ಕಡೆ ಎಳೆದರು. ಅವನು ಕೂರಲಿಲ್ಲ. ನೀವು ಕೂತುಕೊಳ್ಳಿ ಅಣ್ಣ ಎಂದು ನನ್ನನ್ನು ಕರೆದ. ಕೂತಿದ್ದರೆ ಬೈದುಕೊಂಡಾದರೂ ಸುಮ್ಮನಾಗುತ್ತಿದ್ದೆ. ಕೂರದೆ ನನಗೇ ಬಿಟ್ಟುಕೊಟ್ಟನಲ್ಲ, ಅದು ನನಗೆ ಇನ್ನೂ ಉರಿಯಿತು. ಚಾಪೆಯೇ ತಂಪು ಎಂದು ಸುಳ್ಳು ಹೇಳಿ ಗೋಡೆಗೆ ಒರಗಿದೆ. ಆವತ್ತು ಇಡೀ ದಿನ ಕುರ್ಚಿ ಖಾಲಿಯೇ ಇತ್ತು.

ನಾನಾಗ ಕೊಳ್ಳೇಗಾಲದ ಒಂದು ವರ್ಕ್‌ಶಾಪಿನಲ್ಲಿ ಬೇರಿಂಗಿಗೆ ಲೋಹ ಹುಯ್ಯುವ ಕೆಲಸ ಮಾಡುತ್ತಿದ್ದೆ. ಹಳೆಯ ಕಾಲದ ಆಯಿಲ್ ಎಂಜಿನ್ನುಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ ಶಾಫ್ಟು ತಿರುಗುವ ಜಾಗದಲ್ಲಿ ಒಂದು ಗಟ್ಟಿ ಚಿಪ್ಪು ಇರುತ್ತದೆ. ಆ ಚಿಪ್ಪಿನ ಒಳಮೈಗೆ ಮೆತ್ತಗಿನ ಬಿಳಿ ಲೋಹದ ಪದರ. ನಾವು ಅದಕ್ಕೆ ವೈಟ್ ಮೆಟಲ್ ಎನ್ನುತ್ತಿದ್ದೆವು. ತಿರುಗಿ ತಿರುಗಿ ಆ ಪದರ ಸವೆದಾಗ ಹಳೆಯದನ್ನು ಕರಗಿಸಿ ತೆಗೆದು, ಚಿಪ್ಪಿಗೆ ಕಲಾಯಿ ಹಾಕಿ, ಹೊಸ ಲೋಹ ಕಾಯಿಸಿ ಹುಯ್ಯಬೇಕು. ಕೌದಳ್ಳಿ, ಹನೂರು ಕಡೆಯ ರೈತರು ಪಂಪ್‌ಸೆಟ್ಟಿನ ಬೇರಿಂಗನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಬೆಳಗಿನ ಬಸ್ಸಿಗೇ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು.

ಇದರಲ್ಲಿ ಕಷ್ಟವಿರುವುದು ಕಾವಿನ ವಿಷಯದಲ್ಲಿ. ಕಾವು ಕಮ್ಮಿಯಾದರೆ ಲೋಹ ಚಿಪ್ಪಿಗೆ ಹಿಡಿಯುವುದಿಲ್ಲ. ಹೆಚ್ಚಾದರೆ ಲೋಹ ಸತ್ತುಹೋಗುತ್ತದೆ, ನೋಡಲು ಚೆನ್ನಾಗಿಯೇ ಇರುತ್ತದೆ, ನಾಲ್ಕು ಗಂಟೆ ಎಂಜಿನ್ನು ಓಡಿದ ಮೇಲೆ ಸೀಳು ಬಿಡುತ್ತದೆ. ತಮಿಳುಸೀಮೆಯಿಂದ ಬಂದಿದ್ದ ಒಬ್ಬ ಮುದುಕ ಮೇಸ್ತ್ರಿ ನನಗೆ ಒಂದು ಪಾಠ ಹೇಳಿಕೊಟ್ಟಿದ್ದ. ಒಣಗಿದ ತೆಂಗಿನ ಗರಿಯ ಕಡ್ಡಿಯನ್ನು ಕರಗಿದ ಲೋಹಕ್ಕೆ ಅದ್ದಬೇಕು. ಕಡ್ಡಿ ಬರೀ ಕಂದಾದರೆ ಇನ್ನೂ ಕಾಯಿಸಬೇಕು. ಕಪ್ಪಗಾಗಿ ಹೊಗೆಯಾಡಿದರೆ ಹುಯ್ಯಬಹುದು. ಭಗ್ಗನೆ ಹತ್ತಿಕೊಂಡರೆ ಮುಗಿಯಿತು, ಇಳಿಸಿ ಆರಲು ಬಿಡಬೇಕು. ಇದ್ದಿಲ ಒಲೆಯ ಮೇಲೆ ಕಬ್ಬಿಣದ ಬಾಣಲೆ, ಕೈಯಲ್ಲಿ ಉದ್ದನೆಯ ಸೌಟು, ಕಿವಿಯ ಮೇಲೆ ಸಿಕ್ಕಿಸಿದ ನಾಲ್ಕು ಕಡ್ಡಿ. ಹತ್ತು ವರ್ಷ ಆ ಸೌಟನ್ನು ಇನ್ನೊಬ್ಬರು ಮುಟ್ಟಿರಲಿಲ್ಲ. ಊರಲ್ಲಿ ನನ್ನ ಹೆಸರಿಗಿಂತ ಸೌಟಿನವನು ಎಂದರೆ ಬೇಗ ಗುರುತು ಸಿಗುತ್ತಿತ್ತು.

ಷಡ್ಡಕನಿಗೆ ಕೆಲಸ ಕೊಡಿಸು ಎಂದು ಮಾವ ಹೇಳಿದಾಗ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಮಾಲೀಕರ ಹತ್ತಿರ ನಾನೇ ಹೋಗಿ ಹೇಳಿದೆ. ಹುಡುಗ ಒಳ್ಳೆಯವನು, ಮೋಟಾರು ವೈಂಡಿಂಗ್ ಗೊತ್ತು ಎಂದೆ. ಅವನು ಬಂದ ಎರಡನೇ ತಿಂಗಳಿಗೆ ಮಾಲೀಕರು ಕೊಯಮತ್ತೂರಿನಿಂದ ಲೋಹ ಕರಗಿಸುವ ಕರೆಂಟಿನ ಪಾಟು ತರಿಸಿದರು. ಇವನ ಮಾತು ಕೇಳಿಯೇ ತರಿಸಿದ್ದು ಎಂದು ಇಡೀ ಶಾಪಿಗೆ ಗೊತ್ತಿತ್ತು.

ಬಕೆಟ್ಟಿನಷ್ಟು ಅಗಲದ, ಹಸಿರು ಬಣ್ಣದ ಪಾಟು. ಪಕ್ಕದಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮುಖದ ಮೇಲೆ ಗಡಿಯಾರದಂಥ ಡಯಲು, ಅದರಲ್ಲಿ ಎರಡು ಮುಳ್ಳು. ಕೆಂಪು ಮುಳ್ಳನ್ನು ನಮಗೆ ಬೇಕಾದ ಕಾವಿನ ಮೇಲೆ ನಿಲ್ಲಿಸಿದರೆ ಕಪ್ಪು ಮುಳ್ಳು ತಾನೇ ಏರುತ್ತಾ ಬಂದು ಅದರ ಮೇಲೆ ನಿಲ್ಲುತ್ತದೆ. ನಿಂತ ಕೂಡಲೇ ಟಕ್ ಎಂದು ಕರೆಂಟು ಬಂದ್ ಆಗುತ್ತದೆ, ಆರಿದರೆ ಮತ್ತೆ ಟಕ್ ಎಂದು ಹತ್ತಿಕೊಳ್ಳುತ್ತದೆ. ಕಾವು ಪೆಟ್ಟಿಗೆಗೆ ಗೊತ್ತಾಗುವುದು ಬೆರಳುದ್ದದ ಒಂದು ತಾಮ್ರದ ಕಡ್ಡಿಯಿಂದ. ಪಾಟಿನೊಳಗೆ ತಳದವರೆಗೂ ಇಳಿದಿರುವ ಒಂದು ಸಣ್ಣ ಕೊಳವೆ, ಆ ಕೊಳವೆಯ ಅಡಿಗೆ ಮುಟ್ಟುವ ಹಾಗೆ ಈ ತಾಮ್ರದ ಕಡ್ಡಿಯನ್ನು ಪೆಟ್ಟಿಗೆಯ ತಂತಿಯಲ್ಲಿ ಇಳಿಬಿಟ್ಟಿರುತ್ತಾರೆ. ಷಡ್ಡಕ ಇದನ್ನೆಲ್ಲ ಎಲ್ಲರಿಗೂ ವಿವರಿಸಿದ. ನಾನು ಬೀಡಿ ಹಚ್ಚುವ ನೆಪದಲ್ಲಿ ಮುಖ ತಿರುಗಿಸಿ ನಿಂತು, ಪೂರ್ತಿ ಕೇಳಿಸಿಕೊಂಡೆ.

ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು ನೇರವಾಗಿಯೇ ಹೇಳಿದರು. ಹನೂರಿನ ಅಕ್ಕಿ ಗಿರಣಿಯಿಂದ ದೊಡ್ಡ ಬೇರಿಂಗು ಬರಲಿದೆ, ಅದನ್ನು ಹೊಸ ಪಾಟಿನಲ್ಲಿ ಅವನು ಹುಯ್ಯುತ್ತಾನೆ, ಸರಿಯಾಗಿ ಬಂದರೆ ಇನ್ನು ಮುಂದೆ ಸೌಟು ಅವನದು. ನಾನು ಚಿಪ್ಪು ಉಜ್ಜಿ ಕಲಾಯಿ ಹಾಕಿಕೊಡಬೇಕು. ಸಂಬಳಕ್ಕೇನೂ ತೊಂದರೆಯಿಲ್ಲ ಎಂದು ಬೆನ್ನು ತಟ್ಟಿದರು. ನನಗೆ ಸಂಬಳದ ಯೋಚನೆ ಇರಲೇ ಇಲ್ಲ. ಮನೆಗೆ ಹೋಗಿ ಊಟಕ್ಕೆ ಕೂತವನು ಮುದ್ದೆಯನ್ನು ಮುರಿದು ಮುರಿದು ಬಿಟ್ಟು ಎದ್ದೆ. ನಿಮ್ಮಪ್ಪನ ಮನೆಯ ಕುರ್ಚಿಯೂ ಹೋಯಿತು, ನನ್ನ ಸೌಟೂ ಹೋಯಿತು ಎಂದು ಹೆಂಡತಿಯ ಮೇಲೆ ರೇಗಿದೆ. ಅವಳ ತಪ್ಪೇನು ಪಾಪ.

ಅಷ್ಟರಲ್ಲಿ ಆಯುಧಪೂಜೆ ಬಂತು. ಷಡ್ಡಕ ತನ್ನೂರಿನ ಗಾಡಿ, ನೇಗಿಲು ಪೂಜೆಗೆಂದು ಹಿಂದಿನ ದಿನವೇ ಧನಗೆರೆಗೆ ಹೋದ. ಕರೆಂಟಿನ ಪಾಟಿಗೆ ಪೂಜೆ ನೀನೇ ಮಾಡು, ಚೆನ್ನಾಗಿ ಮಾಡು ಎಂದು ಮಾಲೀಕರು ನನಗೆ ವಹಿಸಿದರು. ಅವರ ಬಾಯಿಯ ಅಂಚಿನಲ್ಲಿ ನಗು ಇದ್ದ ಹಾಗೆ ನನಗೆ ಕಂಡಿತು. ಬಹುಶಃ ಇರಲಿಲ್ಲ. ಹೊಟ್ಟೆಕಿಚ್ಚಿಗೆ ಪೂಜೆಯನ್ನೂ ಅರ್ಧಂಬರ್ಧ ಮಾಡಿದ ಎಂದು ಯಾರೂ ಆಡಿಕೊಳ್ಳಬಾರದು ಎಂದು ಹಟ ಹುಟ್ಟಿತು. ಮನೆಯಿಂದ ಹೆಂಡತಿಯ ಕೈಯಲ್ಲಿ ಅಕ್ಕಿಗೆ ಅರಿಶಿನ ಕಲಸಿಸಿಕೊಂಡು ತಂದೆ. ಹುಣಸೆಹಣ್ಣು ಹಾಕಿ ಪಾಟನ್ನು ತಿಕ್ಕಿದೆ. ತಾಮ್ರದ ಕಡ್ಡಿಯನ್ನು ಮೆಲ್ಲಗೆ ಹೊರಗೆಳೆದು ಅದನ್ನೂ ಫಳಫಳ ಹೊಳೆಯುವಂತೆ ಉಜ್ಜಿ, ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಪಾಟಿನ ಕೊರಳಿಗೆ ಸೇವಂತಿಗೆ ಸುತ್ತಿದೆ. ಮಂಗಳಾರತಿ ಮಾಡಲು ಹೊರಟವನಿಗೆ ಆ ಕೊಳವೆ ಬರಿದಾಗಿ ಬಾಯಿ ತೆರೆದುಕೊಂಡಿರುವುದು ಕಾಣಿಸಿತು. ಪೂಜೆಗಿಟ್ಟ ಪಾತ್ರೆ ಬರಿದಾಗಿರಬಾರದು, ನಾಲ್ಕು ಕಾಳು ಅಕ್ಕಿಯನ್ನಾದರೂ ಹಾಕಿಡಬೇಕು. ನಮ್ಮವ್ವ ಹೊಸ ಬಿಂದಿಗೆಗೂ, ಹೊಸ ಕಣಜಕ್ಕೂ ಹಾಗೆಯೇ ಮಾಡುತ್ತಿದ್ದಳು. ನಾನೂ ಹಾಗೆಯೇ ಕೊಳವೆಗೆ ಅಕ್ಕಿ ಬಿಟ್ಟೆ. ನಾಲ್ಕು ಕಾಳಲ್ಲ, ಮೂರು ಚಿಟಿಕೆ. ಜಿಪುಣತನ ಮಾಡಿದ ಎನ್ನಬಾರದಲ್ಲ. ಆಮೇಲೆ ತಾಮ್ರದ ಕಡ್ಡಿಯನ್ನು ಕೊಳವೆಗೆ ಇಳಿಸಿ, ಕೈಮುಗಿದೆ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದೊಂದನ್ನು ಮಾತ್ರ ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಹಬ್ಬ ಮುಗಿದು ಶಾಪು ತೆರೆದ ದಿನ ಹನೂರಿನ ಬೇರಿಂಗು ಬಂತು. ಪಾಟು ಕಾಯುತ್ತಿದ್ದ ಹಾಗೆಯೇ ಅನ್ನ ಸೀದ ವಾಸನೆ ಬಂತು. ಪಕ್ಕದ ಹೋಟೆಲಿನವನು ಇವತ್ತು ಅನ್ನ ಕೆಡಿಸಿದ ಎಂದು ಮಾಲೀಕರು ನಕ್ಕರು, ನಾವೂ ನಕ್ಕೆವು. ಕಪ್ಪು ಮುಳ್ಳು ಏರಿ ಕೆಂಪು ಮುಳ್ಳಿನ ಮೇಲೆ ನಿಂತಿತು. ಆದರೆ ಲೋಹದ ಮೈ ನನಗೆ ಸರಿ ಕಾಣಲಿಲ್ಲ. ಬೆಳ್ಳಗೆ ಕನ್ನಡಿಯಂತಿರಬೇಕಾದದ್ದು ಹಳದಿ, ನೀಲಿಗೆ ತಿರುಗಿ ಮೇಲೆ ಕೆನೆ ಕಟ್ಟುತ್ತಿತ್ತು. ಷಡ್ಡಕ ಸೌಟು ತರಲು ಆಚೆ ಹೋದಾಗ ಕಿವಿಯ ಮೇಲಿನ ಕಡ್ಡಿ ತೆಗೆದು ಅದ್ದಿದೆ. ಭಗ್ಗನೆ ಹತ್ತಿಕೊಂಡಿತು. ಊದಿ ಆರಿಸಿ ಕಾಲ ಬಳಿ ಬಿಸಾಕಿದೆ.

ಆಗ ಒಂದು ಮಾತು ಹೇಳಬಹುದಾಗಿತ್ತು. ಕಾವು ಜಾಸ್ತಿ ಕಣಪ್ಪ, ಇಳಿಸು ಎಂದಿದ್ದರೆ ಸಾಕಾಗಿತ್ತು. ನನ್ನ ಎದೆಯಲ್ಲಿ ಏನೋ ಕುಣಿಯುತ್ತಿತ್ತು. ಪೆಟ್ಟಿಗೆ ಇದೆಯಲ್ಲ, ಮುಳ್ಳು ಇದೆಯಲ್ಲ, ಸರ್ಟಿಫಿಕೇಟು ಇದೆಯಲ್ಲ, ಹುಯ್ಯಲಿ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡೆ. ಅವನು ಹುಯ್ದ.

ಮಾರನೆಯ ದಿನವೇ ಹನೂರಿನಿಂದ ಬೇರಿಂಗು ವಾಪಸು ಬಂತು, ಒಳಮೈಯೆಲ್ಲ ಬಿರುಕು. ಷಡ್ಡಕನ ಮುಖ ಸಣ್ಣಗಾಯಿತು. ಕೊಳ್ಳೇಗಾಲದ ಕರೆಂಟು ಏರಿಳಿಯುತ್ತದೆಂದು ಮೊದಲು ಮೀಟರು ಹಿಡಿದು ವೋಲ್ಟೇಜು ನೋಡಿದ. ಸರಿಯಿತ್ತು. ಟಕ್ ಎಂದು ಹತ್ತಿ ಆರುವ ಸ್ವಿಚ್ಚನ್ನು ಬಿಚ್ಚಿ, ಅದರ ತುದಿಗಳನ್ನು ಉಪ್ಪು ಕಾಗದದಲ್ಲಿ ತಿಕ್ಕಿದ. ಅದರಲ್ಲೂ ತಪ್ಪಿರಲಿಲ್ಲ. ಪಾಟು ಕಾಯಿಸುವ ಸುರುಳಿಗಳನ್ನು ಒಂದೊಂದಾಗಿ ಪರೀಕ್ಷಿಸಿದ, ಎಲ್ಲವೂ ಜೀವಂತ. ಮುಳ್ಳು ಬೇರೆ ಒಂದಿಷ್ಟೂ ಅಲುಗದೆ ಹೇಳಿದ ಜಾಗದಲ್ಲೇ ನಿಲ್ಲುತ್ತಿತ್ತು. ಎರಡನೇ ಸಲ ಹುಯ್ಯುವಾಗ ನಾನು ಮತ್ತೆ ಕಡ್ಡಿ ಅದ್ದಿದೆ. ಮತ್ತೆ ಹತ್ತಿಕೊಂಡಿತು. ಮತ್ತೆ ಸುಮ್ಮನಿದ್ದೆ. ಮಾರನೆಯ ದಿನ ಅದೂ ವಾಪಸು ಬಂತು.

ಯಂತ್ರದಲ್ಲಿ ತಪ್ಪು ಕಾಣದಾಗ ಅವನು ನನ್ನ ಹತ್ತಿರ ಬಂದು, ತಲೆ ತಗ್ಗಿಸಿಕೊಂಡೇ, ಕಲಾಯಿ ಸರಿಯಾಗಿ ಹಿಡಿದಿತ್ತೇ ಅಣ್ಣ ಎಂದು ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನ ಮದುವೆಗೆ ಮೊದಲಿನಿಂದ ಕಲಾಯಿ ಹಾಕುತ್ತಿದ್ದೇನೆ ಎಂದು ಶಾಪಿನ ಎಲ್ಲರಿಗೂ ಕೇಳುವಂತೆ ಕೂಗಾಡಿದೆ. ಮಾಲೀಕರು ನನ್ನ ಪರ ನಿಂತು, ಅವನ ಕಲಾಯಿಗೆ ಹೆಸರಿಡಬೇಡ ಎಂದು ಷಡ್ಡಕನನ್ನು ಗದರಿದರು. ಆಮೇಲೆ ನನ್ನನ್ನು ಕರೆದು ಪಾಟಿಗೆ ಏನಾಗಿದೆ, ನಿನಗೇನಾದರೂ ತೋಚುತ್ತದೆಯೇ ಎಂದು ವಿಚಾರಿಸಿದರು.

"ಮಿಷಿನ್ ವಿಷ್ಯ ನಂಗೇನ್ ಗೊತ್ತಾದದು ಸಾ" ಎಂದೆ. ಹೇಳುವಾಗ ಒಳಗೆ ಎಷ್ಟು ಸಿಹಿಯಾಗಿತ್ತೆಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಮನೆಗೆ ಉಂಡುಬರಲು ಹೋದಾಗ ಹೆಂಡತಿಗೆ ಕಡ್ಡಿಯ ಕಥೆಯನ್ನು ನಗುನಗುತ್ತಾ ಹೇಳಿದೆ. ಅವಳು ನಗಲಿಲ್ಲ. ಸಾರಿನ ಸೌಟನ್ನು ಹಾಗೇ ಹಿಡಿದುಕೊಂಡು, ಹೋಗಿ ಹೇಳಿಬಿಡಿ, ನನ್ನ ತಂಗಿಯ ಗಂಡ ಅಲ್ಲವೇ ಎಂದಳು. ಕಲಿಯಲಿ ಬಿಡು ಎಂದೆ. ಅವಳು ಅವತ್ತು ಮತ್ತೊಂದು ಮುದ್ದೆ ಬೇಕೇ ಎಂದು ಕೇಳಲಿಲ್ಲ.

ಮೂರನೇ ಸಲ ಹುಯ್ಯುವ ದಿನ ಗಿರಣಿಯವರೇ ಹನೂರಿನಿಂದ ಬಂದು ಬಾಗಿಲಲ್ಲಿ ನಿಂತರು. ಗಿರಣಿ ನಿಂತು ಭತ್ತದ ಮೂಟೆಗಳು ಹಾಗೇ ಬಿದ್ದಿವೆ, ಆಗದಿದ್ದರೆ ಹೇಳಿ, ಮೈಸೂರಿಗೆ ಒಯ್ಯುತ್ತೇನೆ ಎಂದರು. ಆ ಬೆಳಿಗ್ಗೆ ಪಾಟು ಕಾದಾಗಲೂ ನನ್ನ ಕಡ್ಡಿ ಹತ್ತಿಕೊಂಡಿತ್ತು, ಅದೂ ನನ್ನ ಕಾಲ ಬಳಿಯೇ ಬಿದ್ದಿತ್ತು. ಷಡ್ಡಕ ಹುಯ್ಯಲಿಲ್ಲ. ಸ್ವಿಚ್ಚು ಆರಿಸಿ, ಲೋಹವನ್ನೆಲ್ಲ ಅಚ್ಚಿಗೆ ಬಗ್ಗಿಸಿ ಪಾಟನ್ನು ಖಾಲಿ ಮಾಡಿ, ಆರುವವರೆಗೂ ಅದರ ಪಕ್ಕದಲ್ಲೇ ಕೂತಿದ್ದ. ಆಮೇಲೆ ತಾಮ್ರದ ಕಡ್ಡಿಯನ್ನು ಹೊರಗೆಳೆದು, ಹೋಟೆಲಿನಿಂದ ಕುದಿಯುವ ನೀರು ತರಿಸಿ ಅದರಲ್ಲಿ ಅದ್ದಿದ. ಕುದಿಯುವ ನೀರಿಗೆ ಮುಳ್ಳು ನೂರು ತೋರಿಸಬೇಕು, ನೂರನ್ನೇ ತೋರಿಸಿತು. ಹಾಗಾದರೆ ತಾಮ್ರದ ಕಡ್ಡಿ ಸರಿಯಾಗಿದೆ, ಪೆಟ್ಟಿಗೆಯೂ ಸರಿಯಾಗಿದೆ. ಸ್ವಲ್ಪ ಹೊತ್ತು ಯೋಚಿಸಿದವನು ಒಂದು ತಂತಿಯನ್ನು ಕೊಳವೆಗೆ ಇಳಿಸಿ, ಬೆರಳಿಟ್ಟು ಗುರುತು ಮಾಡಿ, ಅದನ್ನೇ ಪಾಟಿನ ಹೊರಗೆ ಹಿಡಿದು ಅಳೆದ. ಮೂರು ಬೆರಳು ಕಮ್ಮಿ ಬಂತು. ಪಾಟನ್ನು ಬೋರಲು ಹಾಕಿ ಸುತ್ತಿಗೆಯ ಹಿಡಿಯಿಂದ ತಟ್ಟಿದ.

ಕಪ್ಪಗೆ ಸೀದ ಅಕ್ಕಿ ಪುಡಿಪುಡಿಯಾಗಿ ನೆಲಕ್ಕೆ ಉದುರಿತು. ಕೆಲವು ಕಾಳು ಇನ್ನೂ ಕಾಳಿನ ಆಕಾರದಲ್ಲೇ ಇದ್ದವು.

ಕೊಳವೆಯ ಅಡಿ ಮುಟ್ಟಬೇಕಾದ ತಾಮ್ರದ ಕಡ್ಡಿ ನನ್ನ ಅಕ್ಕಿಯ ಮೇಲೆ ಕೂತಿತ್ತು. ಕೆಳಗೆ ಲೋಹ ಕುದಿಯುತ್ತಿದ್ದರೂ ಮೇಲೆ ಕೂತಿದ್ದ ಅದಕ್ಕೆ ಕಾವು ತಟ್ಟುವಷ್ಟರಲ್ಲಿ ತಡವಾಗುತ್ತಿತ್ತು, ಅಲ್ಲಿಯವರೆಗೆ ಕರೆಂಟು ಹರಿಯುತ್ತಲೇ ಇರುತ್ತಿತ್ತು. ಯಾವನು ಇದಕ್ಕೆ ಅಕ್ಕಿ ಹಾಕಿದವನು ಎಂದು ಮಾಲೀಕರು ಗುಡುಗಿದರು. ಪೂಜೆಯನ್ನು ಯಾರಿಗೆ ವಹಿಸಿದ್ದೆ ಎಂಬುದು ಸಿಟ್ಟಿನಲ್ಲಿ ಅವರಿಗೆ ಮರೆತಿತ್ತು. ಷಡ್ಡಕ ನೆಲದ ಮೇಲಿನ ಅಕ್ಕಿಯನ್ನು ನೋಡಿದ, ತಲೆ ಎತ್ತಿ ನನ್ನನ್ನು ನೋಡಿದ. ಪೂಜೆಯ ದಿನ ಅವನು ಊರಲ್ಲೇ ಇರಲಿಲ್ಲ.

"ನಾನೇ ಸಾ. ಕೊಳವೆ ಬರಿದಾಗಿರಬಾರ್ದು ಅಂತ ಹಬ್ಬುದ್ ಮಾರ್ನೆ ದಿನ ಆಕ್ಬುಟ್ಟೆ" ಎಂದ.

ಗಿರಣಿಯವರ ಎದುರಿಗೇ ಮಾಲೀಕರು ಅವನಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯಲಾರೆ. ಓದಿದವನು ಮಾಡುವ ಕೆಲಸವೇ ಇದು ಎಂಬುದು ಅದರಲ್ಲಿ ಎಲ್ಲಕ್ಕಿಂತ ಸೌಮ್ಯವಾದ ಮಾತು. ಅವನ ಕೈಯಿಂದ ಸೌಟು ಕಿತ್ತು ನನ್ನ ಕೈಗಿಟ್ಟರು. ಕೊಳವೆ ಶುದ್ಧವಾದ ಅದೇ ಪಾಟಿನಲ್ಲಿ, ಹೊಸ ಲೋಹ ಹಾಕಿ, ಅದೇ ಮುಳ್ಳಿನ ಗುರುತಿಗೆ, ಸಂಜೆಯೊಳಗೆ ನಾನು ಹನೂರಿನ ಬೇರಿಂಗು ಹುಯ್ದೆ. ನಾನು ಅದ್ದಿದ ಗರಿಯ ಕಡ್ಡಿ ಕಪ್ಪಗಾಗಿ ಬರೀ ಹೊಗೆಯಾಡಿತು. ಬೇರಿಂಗು ಗಿರಣಿಯಲ್ಲಿ ಕೂತು ಸದ್ದಿಲ್ಲದೆ ಓಡಿತು. ಹಳೆಯ ಕೈ ಹಳೆಯ ಕೈಯೇ ಎಂದು ಗಿರಣಿಯವರು ಹೇಳಿ ಕಳಿಸಿದರು. ಷಡ್ಡಕನನ್ನು ಶಾಪಿನ ಹಿಂಬದಿಯ ಕೋಣೆಗೆ ಮೋಟಾರು ಸುತ್ತಲು ಹಾಕಿದರು.

ನಾನು ಖುಷಿಯಾಗಿರಬೇಕಿತ್ತು. ಸೌಟು ಸಿಕ್ಕಿತ್ತು. ಆದರೆ ಅವನು ಯಾಕೆ ಹಾಗೆ ಹೇಳಿದ ಎಂಬುದು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು. ನನ್ನನ್ನು ಉಳಿಸಲು ಇವನು ಯಾರು? ದೊಡ್ಡಮನುಷ್ಯನಾಗುವುದಕ್ಕೂ ನನಗಿಂತ ಮುಂದೆ ಹೋಗಬೇಕೇ ಎಂದು ಅದಕ್ಕೂ ಉರಿದುಕೊಂಡೆ. ಹೆಂಡತಿಗೆ ಪಾಟು ಸರಿಹೋಯಿತು, ಸೌಟು ನನಗೇ ಬಂತು ಎಂದಷ್ಟೇ ಹೇಳಿದ್ದೆ. ಅಕ್ಕಿಯ ವಿಷಯ ಎತ್ತಲಿಲ್ಲ.

ದೀಪಾವಳಿಗೆ ಎಲ್ಲರೂ ಯಳಂದೂರಿನಲ್ಲಿ ಸೇರಿದೆವು. ಸುದ್ದಿ ನಮಗಿಂತ ಮೊದಲೇ ಹೋಗಿತ್ತು. ಈ ಸಲ ಮಾವ ಕುರ್ಚಿಯನ್ನು ನನ್ನ ಕಡೆ ಎಳೆದರು, ನಾನು ಕೂತೆ. ಊಟಕ್ಕೆ ಎಲೆ ಹಾಕಿದಾಗ ಮಾವನಿಗೆ ತಡೆಯಲಾಗಲಿಲ್ಲ. ದುಡ್ಡು ಸುರಿದು ತರಿಸಿದ ಮಿಷಿನ್ನಿಗೆ ಅಕ್ಕಿ ತುಂಬಿಸಿದನಂತಲ್ಲ ನಮ್ಮ ಚಿಕ್ಕಳಿಯ, ಇವನನ್ನು ಓದಿಸಿದವರು ಯಾರಪ್ಪ ಎಂದು ಎಲ್ಲರ ಮುಂದೆ ನಕ್ಕರು. ನೆಂಟರೂ ನಕ್ಕರು. ಪಲ್ಯ ಬಡಿಸುತ್ತಿದ್ದ ನಾದಿನಿಯ ಕಣ್ಣಲ್ಲಿ ನೀರು ತುಂಬಿತು. ಷಡ್ಡಕ ಎಲೆಯ ಮೇಲೆ ನೀರು ಚಿಮುಕಿಸಿ ಒರೆಸಿದ, ಮತ್ತೆ ಚಿಮುಕಿಸಿ ಒರೆಸಿದ. ತಲೆ ಎತ್ತಲಿಲ್ಲ. ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದ ನನ್ನ ಹೆಂಡತಿ ಅಕ್ಕಿ ಎಂಬ ಮಾತಿಗೆ ನನ್ನ ಕಡೆ ತಿರುಗಿದಳು. ನಾನು ಉಪ್ಪಿನಕಾಯಿ ನೋಡುತ್ತಿದ್ದೆ.

"ಅಪ್ಪಾ, ಆ ಅಕ್ಕಿ ನಮ್ಮನೇದು" ಎಂದಳು. "ನಾನೇ ಅರಿಸ್ನ ಕಲ್ಸಿ ಇವ್ರ ಕೈಲಿ ಕೊಟ್ ಕಳ್ಸಿದ್ದು. ಪೂಜೆ ಮಾಡ್ದವ್ರೂ ಇವ್ರೇ."

ಮಾವ ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿ ಎಲೆಯ ಮೇಲೆ ಕಣ್ಣಿಟ್ಟರು. ಗೊತ್ತಿಲ್ಲದೆ ಹಾಕಿದೆ, ದೇವರಾಣೆ ಗೊತ್ತಿರಲಿಲ್ಲ ಎಂದು ನಾನು ತೊದಲಿದೆ. ಅದು ನಿಜವೇ. ಷಡ್ಡಕ ಆಗ ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಅಕ್ಕಿದು ಬುಡಿ ಅಣ್ಣ, ಅದು ಗೊತ್ತಿಲ್ದೆ ಆದದ್ದು. ನಿಮ್ಮ ಕಾಲ್ ತಾವ ಉರ್ದಿರೋ ಕಡ್ಡಿ ಬಿದ್ದಿದ್ವು, ಮೂರ್ ಸಲವೂ ಕಂಡೆ. ಮುಳ್ ನಂಬ್ಲಾ, ಕಡ್ಡಿ ನಂಬ್ಲಾ ಗೊತ್ತಾಗ್ನಿಲ್ಲ. ನೀವೊಂದ್ ಮಾತು ಅಂದಿದ್ರೆ ಕಡ್ಡೀನೇ ನಂಬ್ತಿದ್ದೆ."

ಇಷ್ಟು ಹೇಳಿ ಅವನು ಎಲೆಯ ಕಡೆ ತಿರುಗಿದ. ನಾನು ಎದ್ದು ಹೋಗಲೂ ಆಗದೆ, ಉಣ್ಣಲೂ ಆಗದೆ ಕೂತೆ. ನನ್ನ ಹೆಂಡತಿ ಹೋಳಿಗೆಯನ್ನು ಅವನ ಎಲೆಗೆ ಹಾಕಿ, ನನ್ನನ್ನು ದಾಟಿ, ಮುಂದಿನ ಎಲೆಗೆ ಹೋದಳು.

ಹಬ್ಬ ಮುಗಿಸಿ ಬಂದ ದಿನ ಬೆಳಿಗ್ಗೆಯೇ ಮಾಲೀಕರ ಮುಂದೆ ನಿಂತು ಅಕ್ಕಿಯನ್ನೂ ಹೇಳಿದೆ, ಕಡ್ಡಿಯನ್ನೂ ಹೇಳಿದೆ. ಅವರು ಹಿಂಬದಿಯ ಕೋಣೆಯಿಂದ ಅವನನ್ನು ಕರೆಸಿ, ಇನ್ನು ಮೇಲೆ ಪಾಟೂ ಸೌಟೂ ನಿನ್ನದು ಎಂದರು. ಅವನು ಕೈ ಚಾಚಲಿಲ್ಲ. ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಎಲೆಕ್ಟ್ರಿಕ್ ಕೆಲಸಕ್ಕೆ ಆಗಲೇ ಅರ್ಜಿ ಹಾಕಿದ್ದನಂತೆ, ಸೌಟು ಅಣ್ಣನ ಹತ್ತಿರವೇ ಇರಲಿ ಎಂದ. ಸಂಕ್ರಾಂತಿಗೆ ಮೊದಲೇ ಹೆಂಡತಿಯನ್ನು ಕರೆದುಕೊಂಡು ಹೊರಟುಹೋದ. ಹೋಗುವ ಮುಂಚೆ ಪಾಟಿನ ತಾಮ್ರದ ಕಡ್ಡಿಯನ್ನು ಹೇಗೆ ಪರೀಕ್ಷಿಸಬೇಕು, ಸ್ವಿಚ್ಚಿನ ತುದಿಗಳನ್ನು ಎಷ್ಟು ದಿನಕ್ಕೊಮ್ಮೆ ತಿಕ್ಕಬೇಕು ಎಂದೆಲ್ಲ ನನಗೆ ತೋರಿಸಿಕೊಟ್ಟ. ಆ ಸಲ ನಾನು ಮುಖ ತಿರುಗಿಸದೆ ಕೇಳಿದೆ.

ಆಮೇಲೆ ಎಷ್ಟೋ ವರ್ಷ ಸೌಟು ನನ್ನ ಕೈಯಲ್ಲೇ ಇತ್ತು. ಅದು ತನಗೆ ಬೇಕು ಎನ್ನುವವರು ಶಾಪಿನಲ್ಲಿ ಮತ್ತೊಬ್ಬರಿರಲಿಲ್ಲ.